ಅಫೇಸಿಯಾ ಸಂಶೋಧನೆಗೆ ನಂಬಬಹುದಾದ ಡೇಟಾ ಭಂಡಾರ ಕಟ್ಟುವುದು ಹೇಗೆ?

ಮಿದುಳಿಗೆ ಹಾನಿಯಾಗಿ ಮಾತಾಡುವುದು, ಅರ್ಥ ಮಾಡಿಕೊಳ್ಳುವುದು, ಓದುವುದು, ಬರೆಯುವುದು ಕಷ್ಟವಾಗುವ ತೊಂದರೆಯೇ ಅಫೇಸಿಯಾ. ಅದು ಇರುವ ಇಬ್ಬರು ಒಂದೇ ತರ ಇರುವುದಿಲ್ಲ. ಒಬ್ಬರಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಎರಡು ಪದ ಹೊರಡಿಸುವುದೇ ಕಷ್ಟ. ಇನ್ನೊಬ್ಬರು ಸರಾಗವಾಗಿ ಮಾತಾಡುತ್ತಾರೆ, ಆದರೆ ಏನು ಹೇಳುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಮತ್ತೊಬ್ಬರ ಮಾತು ಚೆನ್ನಾಗಿಯೇ ಇರುತ್ತದೆ, ಬೇಕಾದ ಹೆಸರು ಮಾತ್ರ ಬೇಕಾದಾಗ ಸಿಗುವುದಿಲ್ಲ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಫೇಸಿಯಾ ಬರುತ್ತದೆ. ಇಷ್ಟು ಜನ ಇದ್ದರೂ ಒಂದೊಂದು ಅಧ್ಯಯನದಲ್ಲಿ ಸಿಗುವವರು ಹತ್ತೋ ಇಪ್ಪತ್ತೋ ಮಂದಿ. ಅಷ್ಟು ಕಡಿಮೆ ಜನರಲ್ಲಿ, ಅಷ್ಟು ಬೇರೆ ಬೇರೆ ತರದ ತೊಂದರೆಗಳನ್ನು ನೋಡಿ, ಯಾವ ಚಿಕಿತ್ಸೆ ಯಾರಿಗೆ ಒಗ್ಗುತ್ತದೆ ಎಂದು ಹೇಳಲು ಆಗುವುದಿಲ್ಲ.

ಡೇಟಾ ಒಟ್ಟುಗೂಡಿದಾಗ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ರಿಲೀಸ್ ಎಂಬ ಯೋಜನೆ. ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯದ ಮರಿಯನ್ ಬ್ರೇಡಿ ಅವರ ಮುಂದಾಳತ್ವದಲ್ಲಿ 28 ದೇಶಗಳ 174 ಡೇಟಾ ಸಂಗ್ರಹಗಳಿಂದ 5,928 ಜನರ ವಿವರ ಒಂದೆಡೆ ಸೇರಿತು. ಚಿಕಿತ್ಸೆ ಒಟ್ಟು ಎಷ್ಟು ಗಂಟೆ ಇರಬೇಕು, ವಾರಕ್ಕೆ ಎಷ್ಟು ದಿನ ಇರಬೇಕು ಎಂಬ ಪ್ರಶ್ನೆಯನ್ನು ಆಗ ಸರಿಯಾಗಿ ಕೇಳಲು ಸಾಧ್ಯವಾಯಿತು. ಮಾತಿನ ದಾಖಲೆಗಳ ವಿಷಯಕ್ಕೆ ಬಂದರೆ ಅಫೇಸಿಯಾಬ್ಯಾಂಕ್ ಇದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರಯಾನ್ ಮ್ಯಾಕ್‌ವಿನ್ನಿ ಅವರ ಟಾಕ್‌ಬ್ಯಾಂಕ್ ಎಂಬ ದೊಡ್ಡ ಮಾತಿನ ಭಂಡಾರದ ಒಂದು ಭಾಗವಾಗಿ ಅದು 2007ರಲ್ಲಿ ಶುರುವಾಯಿತು.

ಇಂಥದ್ದನ್ನು ಕಟ್ಟಲು ಹೊರಟ ಸ್ಪೀಚ್ ಥೆರಪಿಸ್ಟ್‌ಗಳಿಗೆ, ಸಂಶೋಧಕರಿಗೆ, ವಿದ್ಯಾರ್ಥಿಗಳಿಗೆ ಈ ಲೇಖನ. ಭಂಡಾರದ ಮೇಲಿನ ನಂಬಿಕೆ ಸರ್ವರ್‌ನಿಂದಲೋ ಸಾಫ್ಟ್‌ವೇರ್‌ನಿಂದಲೋ ಬರುವುದಿಲ್ಲ. ಮಾತು ಕೊಟ್ಟ ವ್ಯಕ್ತಿಯ ಎದುರು ಕುಳಿತ ಆ ಮೊದಲ ಗಂಟೆಯಲ್ಲಿ ಏನು ಕೇಳಿದೆವು, ಏನು ಬರೆದಿಟ್ಟೆವು ಎಂಬುದರಿಂದ ಬರುತ್ತದೆ. ಆಗ ಬಿಟ್ಟದ್ದನ್ನು ಆಮೇಲೆ ತುಂಬಿಸಲು ಬಹಳ ಸಲ ಆಗುವುದೇ ಇಲ್ಲ.

ಹೆಜ್ಜೆ 1: ಹೊಸದು ಬೇಕೇ ಎಂದು ಮೊದಲು ನೋಡಿ

ಈಗಾಗಲೇ ಇರುವ ಭಂಡಾರಕ್ಕೆ ನಿಮ್ಮ ಡೇಟಾ ಸೇರಿಸಲು ಆದರೆ ಅದನ್ನೇ ಮಾಡಿ. ಮಾತಿನ ದಾಖಲೆಗೆ ಅಫೇಸಿಯಾಬ್ಯಾಂಕ್ ಇದೆ, ಮಿದುಳಿನ ಸ್ಕ್ಯಾನ್‌ಗೆ ಓಪನ್‌ನ್ಯೂರೋ ಇದೆ. ನಿಮ್ಮ ಭಾಷೆಗೆ, ನಿಮ್ಮ ಕಾನೂನಿಗೆ ಅಥವಾ ನಿಮ್ಮ ಪ್ರಶ್ನೆಗೆ ಅವು ಹೊಂದದಿದ್ದರೆ ಮಾತ್ರ ಹೊಸದನ್ನು ಯೋಚಿಸಿ. ಆಗಲೂ ಅವರ ಫೈಲ್ ರೂಪವನ್ನೇ ಬಳಸಿದರೆ ಮುಂದೆ ಎರಡನ್ನೂ ಜೋಡಿಸಬಹುದು.

ಯೋಜನೆ ಮಾಡುವಾಗ ಅಫೇಸಿಯಾ ಇರುವ ಇಬ್ಬರು ಮೂವರನ್ನು, ಅವರ ಮನೆಯವರನ್ನು ಮೊದಲ ಸಭೆಯಿಂದಲೇ ಕೂರಿಸಿಕೊಳ್ಳಿ. ಎಲ್ಲ ತೀರ್ಮಾನ ಆದ ಮೇಲೆ ಅಭಿಪ್ರಾಯ ಕೇಳಿದರೆ ಅದು ಸುಮ್ನೆ ಶಾಸ್ತ್ರಕ್ಕೆ ಕೇಳಿದಂತೆ. ಯಾವ ವಿವರ ಹಂಚಿಕೊಂಡರೆ ಮುಜುಗರ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಹೆಜ್ಜೆ 2: ಅರ್ಥವಾಗುವ ಹಾಗೆ ಒಪ್ಪಿಗೆ ಕೇಳಿ

ಇಲ್ಲಿ ಅವಸರ ಬೇಡ. ಅಫೇಸಿಯಾ ಭಾಷೆಯ ತೊಂದರೆ. ಯೋಚನೆ, ಅನುಭವ, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಬಹಳ ಸಲ ಒಳಗೆ ಇದ್ದೇ ಇರುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೇ. ಹಾಗಾಗಿ ಪಕ್ಕದಲ್ಲಿ ಕೂತ ಮನೆಯವರ ಸಹಿ ತೆಗೆದುಕೊಂಡು ಮುಗಿಸುವುದು ಸರಿಯಲ್ಲ. ಹಾಗೆಯೇ ಹತ್ತು ಪುಟದ ಕಾನೂನು ಭಾಷೆಯ ಪತ್ರವನ್ನು ಓದಲು ಕಷ್ಟಪಡುವವರ ಮುಂದಿಟ್ಟು ಸಹಿ ಹಾಕಿಸಿಕೊಳ್ಳುವುದೂ ಸರಿಯಲ್ಲ.

ಒಂದು ಪುಟಕ್ಕೆ ಒಂದೇ ವಿಷಯ ಇಡಿ. ಅಕ್ಷರ ದೊಡ್ಡದಿರಲಿ, ವಾಕ್ಯ ಚಿಕ್ಕದಿರಲಿ, ಪಕ್ಕದಲ್ಲಿ ಚಿತ್ರ ಇರಲಿ. ಮಾತಾಡುತ್ತಲೇ ಮುಖ್ಯ ಪದವನ್ನು ಕಾಗದದ ಮೇಲೆ ಬರೆಯಿರಿ, ಕೈಸನ್ನೆ ಮಾಡಿ, ಉತ್ತರಕ್ಕೆ ಕಾಯಿರಿ. ಟೊರಾಂಟೊದ ಅಫೇಸಿಯಾ ಇನ್‌ಸ್ಟಿಟ್ಯೂಟ್‌ನಲ್ಲಿ ಔರಾ ಕೇಗನ್ ರೂಪಿಸಿದ ನೆರವಿನ ಸಂಭಾಷಣೆಯ ವಿಧಾನ ಈ ಕೆಲಸಕ್ಕೆ ಬಹಳ ಉಪಯೋಗ. ಒಪ್ಪಿಗೆ ಕೇಳುವ ಪ್ರತಿಯೊಬ್ಬರೂ ಅದರಲ್ಲಿ ತರಬೇತಿ ಪಡೆದಿರಬೇಕು ಅಂತ ನಾನು ಬಲವಾಗಿ ಹೇಳುತ್ತೇನೆ.

ಹೌದು, ಇಲ್ಲ ಎಂಬ ಉತ್ತರವನ್ನು ಒಂದೇ ಸಲಕ್ಕೆ ನಂಬಬೇಡಿ. ಅಫೇಸಿಯಾದಲ್ಲಿ ಈ ಎರಡು ಪದಗಳೂ ಅದಲುಬದಲಾಗುವುದುಂಟು. "ಬೇರೆ ಸಂಶೋಧಕರು ಈ ವಿಡಿಯೊ ನೋಡಬಹುದಾ?" ಎಂದು ಕೇಳಿ. ಸ್ವಲ್ಪ ಹೊತ್ತು ಬಿಟ್ಟು "ಈ ವಿಡಿಯೊ ನಮ್ಮಲ್ಲೇ ಇರಬೇಕಾ, ಬೇರೆ ಯಾರೂ ನೋಡಬಾರದಾ?" ಎಂದು ಕೇಳಿ. ಎರಡಕ್ಕೂ ಹೌದು ಬಂದರೆ ವಿಷಯ ಇನ್ನೂ ತಲುಪಿಲ್ಲ. ಮತ್ತೆ ಬೇರೆ ರೀತಿಯಲ್ಲಿ ವಿವರಿಸಬೇಕು, ಅಥವಾ ಇನ್ನೊಂದು ದಿನ ಬರಬೇಕು.

ಒಪ್ಪಿಗೆಯನ್ನು ಬಿಡಿಬಿಡಿಯಾಗಿ ಕೇಳಿ. ಪರೀಕ್ಷೆಯ ಅಂಕ ಹಂಚಬಹುದೇ? ಮಾತಿನ ಬರಹ? ದನಿ? ವಿಡಿಯೊ? ಮಿದುಳಿನ ಸ್ಕ್ಯಾನ್? ವಿದ್ಯಾರ್ಥಿಗಳಿಗೆ ತೋರಿಸಬಹುದೇ? ಕಂಪ್ಯೂಟರ್ ಮಾದರಿಗೆ ತರಬೇತಿ ಕೊಡಲು ಬಳಸಬಹುದೇ? ಮುಂದೆ ಮತ್ತೆ ಸಂಪರ್ಕಿಸಬಹುದೇ? ಒಂದೊಂದಕ್ಕೂ ಬೇರೆ ಗುರುತು. ಈ ಉತ್ತರಗಳು ಬೀರುವಿನ ಕಾಗದದಲ್ಲಿ ಮಾತ್ರ ಉಳಿಯಬಾರದು. ಭಂಡಾರದ ಕೋಷ್ಟಕದಲ್ಲೇ ಒಂದೊಂದು ಕಾಲಂ ಆಗಿ ಸೇರಬೇಕು. ಆಗ ವಿಡಿಯೊಗೆ ಒಪ್ಪದವರ ಫೈಲ್ ಯಾರ ಕೈಗೂ ಹೋಗದಂತೆ ವ್ಯವಸ್ಥೆಯೇ ತಡೆಯುತ್ತದೆ.

ಹಿಂದೆ ಸರಿಯುವುದರ ಬಗ್ಗೆಯೂ ಇದ್ದದ್ದು ಇದ್ದ ಹಾಗೆ ಹೇಳಿ. ಭಂಡಾರದಿಂದ ತೆಗೆಯಬಹುದು. ಆಗಲೇ ಇಳಿಸಿಕೊಂಡವರಿಗೆ ಅಳಿಸಲು ಹೇಳಬಹುದು. ಪ್ರಕಟವಾದ ಲೆಕ್ಕಾಚಾರವನ್ನು ಮಾತ್ರ ವಾಪಸ್ ಪಡೆಯಲು ಆಗುವುದಿಲ್ಲ. ಸ್ಟ್ರೋಕ್ ಆದ ಎರಡು ವಾರಕ್ಕೆ ಏನೂ ಅರ್ಥವಾಗದವರಿಗೆ ಆರು ತಿಂಗಳಿಗೆ ಎಷ್ಟೋ ಅರ್ಥವಾಗಬಹುದು. ಅಂಥವರನ್ನು ಆಗ ಹೊಸದಾಗಿ ಕೇಳುವುದು ನಮ್ಮ ಜವಾಬ್ದಾರಿ. ಹಳೆಯ ಅಧ್ಯಯನಗಳ ಡೇಟಾ ಸೇರಿಸುವ ಆಸೆ ಇದ್ದರೆ, ಆಗಿನ ಒಪ್ಪಿಗೆ ಪತ್ರದಲ್ಲಿ ಹಂಚಿಕೆಯ ಮಾತು ಇತ್ತೇ ಎಂದು ನೋಡಿ. ಇಲ್ಲದಿದ್ದರೆ ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ಬಳಿ ಹೋಗಲೇಬೇಕು.

ಹೆಜ್ಜೆ 3: ಎಲ್ಲರಿಗೂ ಒಂದೇ ಕೆಲಸ ಕೊಡಿ

ಒಂದು ಕಡೆ ಚಿತ್ರ ತೋರಿಸಿ ಮಾತಾಡಿಸಿ, ಇನ್ನೊಂದು ಕಡೆ ಕುಟುಂಬದ ಬಗ್ಗೆ ಮಾತಾಡಿಸಿದರೆ ಆ ಎರಡು ಮಾತುಗಳನ್ನು ಹೋಲಿಸಲು ಬರುವುದಿಲ್ಲ. ಅಫೇಸಿಯಾಬ್ಯಾಂಕ್‌ನಲ್ಲಿ ಎಲ್ಲರೂ ಒಂದೇ ಸರಣಿಯ ಕೆಲಸ ಮಾಡುತ್ತಾರೆ. ತಮಗೆ ಸ್ಟ್ರೋಕ್ ಆದದ್ದನ್ನು ಹೇಳುತ್ತಾರೆ, ಬದುಕಿನ ಒಂದು ಮುಖ್ಯ ಘಟನೆ ಹೇಳುತ್ತಾರೆ. ಒಡೆದ ಕಿಟಕಿ, ಬೇಡವೆಂದ ಕೊಡೆ, ಮರ ಹತ್ತಿದ ಬೆಕ್ಕು ಇರುವ ಚಿತ್ರಗಳನ್ನು ವಿವರಿಸುತ್ತಾರೆ. ಸಿಂಡ್ರೆಲಾ ಕಥೆ ಹೇಳುತ್ತಾರೆ, ಒಂದು ಸ್ಯಾಂಡ್‌ವಿಚ್ ಮಾಡುವ ಕ್ರಮವನ್ನೂ ಹೇಳುತ್ತಾರೆ.

ಬೇರೆ ಭಾಷೆಗೆ ಇದನ್ನು ತರುವಾಗ ಎಚ್ಚರ ಬೇಕು. ಸಿಂಡ್ರೆಲಾ ಗೊತ್ತಿಲ್ಲದವರು ಆ ಕಥೆಯಲ್ಲಿ ತಡವರಿಸಿದರೆ ಅದು ಅಫೇಸಿಯಾ ಅಲ್ಲ, ಅಲ್ವಾ? ಅಲ್ಲಿ ಎಲ್ಲರೂ ಕೇಳಿರುವ ಕಥೆ ಹಾಕಿ, ಆದರೆ ಕೆಲಸದ ಬಗೆ ಅದೇ ಇರಲಿ: ಸ್ವಂತ ಅನುಭವ, ಚಿತ್ರ, ಕಥೆ, ಮಾಡುವ ಕ್ರಮ. ಅಫೇಸಿಯಾ ಇಲ್ಲದವರಿಂದಲೂ, ಅದೇ ವಯಸ್ಸು, ಅದೇ ಓದು, ಅದೇ ಭಾಷೆಯವರಿಂದ ಅದೇ ಕೆಲಸ ಮಾಡಿಸಿ ದಾಖಲಿಸಿ. ಈ ಹೋಲಿಕೆಯ ಗುಂಪು ಇಲ್ಲದೆ ಯಾವುದು ಸಹಜ ತಡವರಿಕೆ, ಯಾವುದು ತೊಂದರೆ ಎಂದು ಹೇಳಲು ಬರುವುದಿಲ್ಲ.

ಕೇಳುವವರು ಎಷ್ಟು ಸೆಕೆಂಡ್ ಕಾಯಬೇಕು, ಸುಮ್ಮನಾದರೆ ಯಾವ ಪದಗಳಲ್ಲಿ ಪ್ರೋತ್ಸಾಹಿಸಬೇಕು ಎಂಬುದೂ ಬರಹದಲ್ಲಿರಲಿ. ಅವರ ಮಾತೂ ದಾಖಲಾಗಲಿ. ಸಹಾಯ ಸಿಕ್ಕ ಮೇಲೆ ಬಂದ ಪದ, ತಾನಾಗಿ ಬಂದ ಪದ ಎರಡೂ ಒಂದೇ ಅಲ್ಲ.

ಅಳತೆಗಳ ವಿಷಯದಲ್ಲಿ, ಅಫೇಸಿಯಾ ಚಿಕಿತ್ಸೆಯ ಅಧ್ಯಯನಗಳು ಯಾವುದನ್ನು ಯಾವ ಪರೀಕ್ಷೆಯಿಂದ ಅಳೆಯಬೇಕು ಎಂದು ಹೇಳುವ ರೋಮಾ ಎಂಬ ಅಂತರರಾಷ್ಟ್ರೀಯ ಒಮ್ಮತ ಇದೆ. ಭಾಷೆಗೆ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಪರಿಷ್ಕೃತ ರೂಪ, ಸಂವಹನಕ್ಕೆ ಸಿನಾರಿಯೊ ಟೆಸ್ಟ್, ಮನಸ್ಸಿನ ನೆಮ್ಮದಿಗೆ ಜಿಎಚ್‌ಕ್ಯು-12, ಬದುಕಿನ ಗುಣಮಟ್ಟಕ್ಕೆ ಎಸ್‌ಎಕ್ಯುಒಎಲ್-39 ಬಳಸಿ ಎಂದು ಅದು ಹೇಳುತ್ತದೆ. ಪರೀಕ್ಷೆಗಳನ್ನು ಪದದಿಂದ ಪದಕ್ಕೆ ಅನುವಾದಿಸಬೇಡಿ. ಒಂದು ಭಾಷೆಯಲ್ಲಿ ಸುಲಭದ ಪದ ಇನ್ನೊಂದರಲ್ಲಿ ಅಪರೂಪದ್ದಾಗಿರಬಹುದು. ನಿಮ್ಮ ಭಾಷೆಗೆ ಹೊಂದಿಸಿ ಪರಿಶೀಲಿಸಿದ ಆವೃತ್ತಿ ಇದ್ದರೆ ಅದನ್ನೇ ಬಳಸಿ, ಯಾವ ಆವೃತ್ತಿ ಎಂದು ಡೇಟಾದಲ್ಲೇ ಬರೆಯಿರಿ. ಮಾರಾಟಕ್ಕಿರುವ ಪರೀಕ್ಷೆಗಳಿಗೆ ಕಾಪಿರೈಟ್ ಇರುತ್ತದೆ ಎಂಬುದೂ ನೆನಪಿರಲಿ. ಅವುಗಳ ಚಿತ್ರಗಳು, ಪ್ರಶ್ನೆಗಳು ವಿಡಿಯೊದಲ್ಲಿ ಕಾಣುತ್ತಿದ್ದರೆ ಹಂಚುವ ಮುಂಚೆ ಅನುಮತಿ ಬೇಕೇ ಎಂದು ವಿಚಾರಿಸಿ.

ಹೆಜ್ಜೆ 4: ವ್ಯಕ್ತಿಯ ವಿವರ, ಮತ್ತು ಖಾಲಿ ಬಿಟ್ಟ ಜಾಗ

"ಬ್ರೋಕಾ ಅಫೇಸಿಯಾ (ಪದ ಹೊರಡಿಸುವುದೇ ಕಷ್ಟವಾಗುವ ಬಗೆ), ತೀವ್ರ" ಎಂದು ಬರೆದರೆ ಸಾಲದು. ವಯಸ್ಸು, ಲಿಂಗ, ಓದಿದ ವರ್ಷ, ಯಾವ ಕೈ ಬಳಸುತ್ತಾರೆ, ಯಾವ ಭಾಷೆಗಳನ್ನು ಯಾವ ವಯಸ್ಸಿನಲ್ಲಿ ಕಲಿತರು, ಈಗ ಯಾವುದನ್ನು ಬಳಸುತ್ತಾರೆ ಎಂಬುದು ಬೇಕು. ತೊಂದರೆಗೆ ಕಾರಣ ಏನು, ರಕ್ತ ಕಟ್ಟಿದ ಸ್ಟ್ರೋಕೋ, ರಕ್ತಸ್ರಾವವೋ, ಬೇರೇನೋ? ಮಿದುಳಿನ ಯಾವ ಭಾಗ? ಎಷ್ಟು ತಿಂಗಳಾಯಿತು? ಕಿವಿ ಸರಿ ಕೇಳುತ್ತದೆಯೇ, ಕಣ್ಣು ಸರಿ ಕಾಣುತ್ತದೆಯೇ? ಉಚ್ಚಾರಣೆಯ ತೊಂದರೆಯೂ ಜೊತೆಗಿದೆಯೇ? ಈವರೆಗೆ ಎಷ್ಟು ಚಿಕಿತ್ಸೆ ಸಿಕ್ಕಿದೆ? ಬಹುಭಾಷಿಕರ ವಿಷಯದಲ್ಲಿ ಭಾಷೆಗಳ ವಿವರ ಬಿಟ್ಟರೆ ಉಳಿದ ಡೇಟಾಗೆ ಅರ್ಧ ಬೆಲೆ.

ಅಂಕಗಳನ್ನು ಒಟ್ಟು ಮಾಡಿ ಮಾತ್ರ ಇಡಬೇಡಿ. ವೆಸ್ಟರ್ನ್ ಬ್ಯಾಟರಿಯ ಅಫೇಸಿಯಾ ಅಂಕ 0ಯಿಂದ 100ರವರೆಗೆ ಇರುತ್ತದೆ, 93.8ಕ್ಕಿಂತ ಕಡಿಮೆ ಬಂದರೆ ಅಫೇಸಿಯಾ ಎನ್ನುತ್ತಾರೆ. ಆದರೆ 95 ಬಂದವರೂ "ನನ್ನ ಮಾತು ಮೊದಲಿನಂತಿಲ್ಲ" ಎನ್ನುತ್ತಾರೆ, ಅದು ನಿಜವೂ ಹೌದು. ಗೆರೆಯ ಮೇಲಿದ್ದಾರೆಂದು ಅವರನ್ನು ಕೈಬಿಟ್ಟರೆ ಸೌಮ್ಯ ಅಫೇಸಿಯಾ ಭಂಡಾರದಲ್ಲಿ ಇಲ್ಲವೇ ಇಲ್ಲ ಎಂದಾಗುತ್ತದೆ. ಪ್ರತಿ ಪ್ರಶ್ನೆಗೆ ಬಂದ ಉತ್ತರವನ್ನೇ ಇಡಿ. ಒಟ್ಟು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಈಗ ಈ ಕೆಲಸದ ಅತಿ ಮುಖ್ಯ ಭಾಗ, ಜಾಸ್ತಿ ಜನ ಗಮನಿಸದ ಭಾಗ. ಕೋಷ್ಟಕದಲ್ಲಿ ಒಂದು ಜಾಗ ಖಾಲಿ ಇದೆ. ಯಾಕೆ? ಅಂದು ಸಮಯ ಸಾಲದೆ ಪರೀಕ್ಷೆ ಮಾಡಲಿಲ್ಲವೇ? ವ್ಯಕ್ತಿ ದಣಿದು ಬೇಡ ಎಂದರೇ? ಕಣ್ಣು ಕಾಣದೆ ಚಿತ್ರ ಗುರುತಿಸಲಿಲ್ಲವೇ? ಅಥವಾ ಅಫೇಸಿಯಾ ಎಷ್ಟು ತೀವ್ರವಾಗಿತ್ತೆಂದರೆ ಸೂಚನೆಯೇ ಅರ್ಥವಾಗದೆ ಕೈಬಿಡಬೇಕಾಯಿತೇ? ಕೊನೆಯದಾದರೆ ಆ ಖಾಲಿ ಜಾಗವೇ ಒಂದು ಫಲಿತಾಂಶ. ಅದನ್ನು ಖಾಲಿ ಬಿಟ್ಟರೆ ಮುಂದೆ ಲೆಕ್ಕ ಹಾಕುವವರು ಆ ಸಾಲನ್ನೇ ತೆಗೆದುಹಾಕುತ್ತಾರೆ. ಆಗ ಅತಿ ಹೆಚ್ಚು ತೊಂದರೆ ಇರುವವರೇ ಸಂಶೋಧನೆಯಿಂದ ಮಾಯವಾಗುತ್ತಾರೆ, ಸರಾಸರಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸುಮ್ನೆ ಸೊನ್ನೆ ಹಾಕಿದರೆ ಅದೂ ತಪ್ಪು. ಪ್ರಯತ್ನಿಸಿ ಸೊನ್ನೆ ಬಂದವರಿಗೂ ಕನ್ನಡಕ ಮರೆತು ಬಂದವರಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಹಾಗಾಗಿ ಪ್ರತಿ ಪರೀಕ್ಷೆಗೆ ಎರಡು ಕಾಲಂ ಮಾಡಿ. ಒಂದರಲ್ಲಿ ಅಂಕ, ಇನ್ನೊಂದರಲ್ಲಿ ಸ್ಥಿತಿ: ಮುಗಿಯಿತು, ಮಧ್ಯೆ ನಿಲ್ಲಿಸಿದೆವು, ಅಫೇಸಿಯಾದಿಂದ ಆಗಲಿಲ್ಲ, ಬೇರೆ ಕಾರಣದಿಂದ ಆಗಲಿಲ್ಲ, ಬೇಡ ಎಂದರು, ಕೊಡಲೇ ಇಲ್ಲ. ಅಂಕದ ಕಾಲಂನಲ್ಲೇ 999 ಅಂತ ಹಾಕುವ ಹಳೆಯ ಪದ್ಧತಿ ಬೇಡ. ಗಮನಿಸದ ಒಬ್ಬರು ಅದನ್ನೂ ಸೇರಿಸಿ ಸರಾಸರಿ ತೆಗೆದುಬಿಡುತ್ತಾರೆ.

ಇನ್ನೊಂದು ಮಾತು. ಅಫೇಸಿಯಾ ಇದ್ದು ಸಂಶೋಧನೆಗೆ ಬರುವವರು ಕಡಿಮೆ. ಹಾಗಾಗಿ ಒಬ್ಬರೇ ಮೂರು ಅಧ್ಯಯನಗಳಲ್ಲಿ ಇರುವುದು ಸಾಮಾನ್ಯ. ಮೂರು ಕಡೆಯಿಂದ ಡೇಟಾ ಬಂದಾಗ ಅವರು ಮೂವರಾಗಿ ಎಣಿಕೆಯಾಗುತ್ತಾರೆ. ವ್ಯಕ್ತಿಗೆ ಒಂದೇ ಕಾಯಂ ಸಂಕೇತ ಸಂಖ್ಯೆ ಕೊಡಿ. ಹೆಸರನ್ನೂ ಆ ಸಂಖ್ಯೆಯನ್ನೂ ಜೋಡಿಸುವ ಪಟ್ಟಿ ಬೇರೆ ಕಡೆ, ಬೇರೆ ಬೀಗದಲ್ಲಿ ಇರಲಿ.

ಹೆಜ್ಜೆ 5: ಮಾತನ್ನು ಬರಹಕ್ಕಿಳಿಸಿ, ತಿದ್ದಬೇಡಿ

ಟಾಕ್‌ಬ್ಯಾಂಕ್‌ನ ಚಾಟ್ ಎಂಬ ಬರಹ ಪದ್ಧತಿ, ಅದನ್ನು ವಿಶ್ಲೇಷಿಸುವ ಕ್ಲಾನ್ ಎಂಬ ಉಚಿತ ಸಾಫ್ಟ್‌ವೇರ್ ಈ ಕ್ಷೇತ್ರದಲ್ಲಿ ಚೆನ್ನಾಗಿ ಬೇರೂರಿವೆ. ಹೊಸ ಪದ್ಧತಿ ಹುಟ್ಟುಹಾಕುವ ಅಗತ್ಯವಿಲ್ಲ.

ಕುರ್ಚಿಯ ಚಿತ್ರ ನೋಡಿ ಒಬ್ಬರು "ಮೇಜು" ಎನ್ನುತ್ತಾರೆ. ಇನ್ನೊಬ್ಬರು "ಕುರ್ತಿ" ಎನ್ನುತ್ತಾರೆ. ಮತ್ತೊಬ್ಬರ ಬಾಯಲ್ಲಿ ಯಾವ ಪದಕ್ಕೂ ಹತ್ತಿರವಿಲ್ಲದ ಸದ್ದು ಬರುತ್ತದೆ. ಮೂರೂ ತಪ್ಪೇ, ಆದರೆ ಮೂರು ಬೇರೆ ಬೇರೆ ಬಗೆಯ ತಪ್ಪುಗಳು. ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ, ಹೇಳಬೇಕೆಂದಿದ್ದ ಪದ ಖಚಿತವಾಗಿ ಗೊತ್ತಿದ್ದರೆ ಮಾತ್ರ ಪಕ್ಕದಲ್ಲಿ ಗುರುತಿಸಿ. ಸ್ವಂತ ಅನುಭವ ಹೇಳುವಾಗ ಆ ಪದ ಏನೆಂದು ನಮಗೆ ಗೊತ್ತಿರುವುದಿಲ್ಲ. ಅಲ್ಲಿ ಊಹೆ ಬೇಡ. ತಡೆ, ಪುನರಾವರ್ತನೆ, ಕೈಸನ್ನೆ ಎಲ್ಲ ಇರಲಿ.

ಮಾತನ್ನು ತಾನಾಗಿ ಬರೆಯುವ ಸಾಫ್ಟ್‌ವೇರ್‌ಗಳು ಈಗ ಸಮಯ ಉಳಿಸುತ್ತವೆ. ಟಾಕ್‌ಬ್ಯಾಂಕ್‌ನದೇ ಬ್ಯಾಚ್‌ಅಲೈನ್ ಇದೆ. ಆದರೆ ಸಾಮಾನ್ಯ ಬಳಕೆಗೆಂದು ಮಾಡಿದ ಸಾಫ್ಟ್‌ವೇರ್‌ಗೆ ಸುಲಲಿತ ವಾಕ್ಯ ಕೊಡುವ ಅಭ್ಯಾಸ. ಅದು ತಡವರಿಕೆಯನ್ನು ನುಂಗುತ್ತದೆ, ಅರ್ಥವಿಲ್ಲದ ಸದ್ದಿನ ಜಾಗದಲ್ಲಿ ನಿಜವಾದ ಪದ ಕೂರಿಸುತ್ತದೆ. ನಾವು ಅಧ್ಯಯನ ಮಾಡಬೇಕಾದದ್ದೇ ಹೋಗಿಬಿಡುತ್ತದೆ. ಅದರ ಬರಹವನ್ನು ಕರಡು ಎಂದು ಮಾತ್ರ ತೆಗೆದುಕೊಂಡು, ಒಬ್ಬ ಮನುಷ್ಯ ಕೇಳುತ್ತಾ ತಿದ್ದಬೇಕು. ಒಂದು ಭಾಗವನ್ನು ಎರಡನೆಯವರು ಮೊದಲಿನದನ್ನು ನೋಡದೆ ಮತ್ತೆ ಬರೆಯಬೇಕು. ಇಬ್ಬರ ಬರಹ ಎಷ್ಟು ಹೊಂದಿತು ಎಂಬ ಅಂಕಿಯನ್ನು ಡೇಟಾ ಜೊತೆಗೇ ಪ್ರಕಟಿಸಿ. ಅದು ಕಡಿಮೆ ಬಂದಿದ್ದರೂ ಪ್ರಕಟಿಸಿ.

ಹೆಜ್ಜೆ 6: ಗುರುತು ಮುಚ್ಚಿ

ಹೆಸರು ತೆಗೆದರೆ ಮುಗಿಯಿತು ಅಂದುಕೊಳ್ಳಬೇಡಿ. ಸ್ಟ್ರೋಕ್ ಆದ ಕಥೆ ಹೇಳುವಾಗ ಮಗನ ಹೆಸರು, ಆಸ್ಪತ್ರೆ, ಕೆಲಸದ ಜಾಗ ಎಲ್ಲ ಬರುತ್ತವೆ. ಬರಹದಲ್ಲಿ ಅವುಗಳ ಬದಲು ಸಾಮಾನ್ಯ ಪದ ಹಾಕಿ, ದನಿಯಲ್ಲಿ ಆ ಜಾಗಕ್ಕೆ ಬೀಪ್ ಹಾಕಿ. ತಾರೀಕುಗಳನ್ನು "ಸ್ಟ್ರೋಕ್ ಆಗಿ ಇಷ್ಟು ತಿಂಗಳು" ಎಂದು ಬದಲಿಸಿದರೆ ಸಂಶೋಧನೆಗೆ ಬೇಕಾದದ್ದು ಉಳಿಯುತ್ತದೆ, ಗುರುತು ಹೋಗುತ್ತದೆ. ಆರೋಗ್ಯದ ಮಾಹಿತಿಯ ಗುಟ್ಟು ಕಾಪಾಡುವ ಅಮೆರಿಕದ ಹಿಪಾ ನಿಯಮ, ತೆಗೆಯಬೇಕಾದ 18 ಬಗೆಯ ಗುರುತುಗಳನ್ನು ಪಟ್ಟಿ ಮಾಡುತ್ತದೆ. 89 ದಾಟಿದ ವಯಸ್ಸನ್ನು "90 ಮತ್ತು ಮೇಲೆ" ಎಂದು ಒಟ್ಟಿಗೆ ಸೇರಿಸಲು ಹೇಳುತ್ತದೆ. ಆ ಕಾನೂನು ನಿಮಗೆ ಅನ್ವಯಿಸದಿದ್ದರೂ ಪಟ್ಟಿ ಕೈಯಲ್ಲಿರಲಿ.

ಪಟ್ಟಿಯಲ್ಲಿ ಇಲ್ಲದ ಅಪಾಯವೂ ಇದೆ. ನಾಲ್ಕು ಭಾಷೆ ಬಲ್ಲ, ಎಡಗೈ ಬಳಸುವ, 31 ವರ್ಷದ ವ್ಯಕ್ತಿ ಎಷ್ಟು ಜನ ಇರಲು ಸಾಧ್ಯ? ವಿವರಗಳು ಕೂಡಿದಾಗ ಗುರುತು ಸಿಗುತ್ತದೆ. ಸಾರ್ವಜನಿಕ ಕೋಷ್ಟಕದಲ್ಲಿ ವಯಸ್ಸಿನ ಗುಂಪು ಕೊಡಿ, ನಿಖರ ವಯಸ್ಸು ಒಳಗಿನ ಕೋಷ್ಟಕದಲ್ಲಿರಲಿ.

ಮಿದುಳಿನ ಎಂಆರ್‌ಐನಲ್ಲಿ ಮುಖವೂ ಇರುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಖ ಗುರುತಿಸುವ ಸಾಫ್ಟ್‌ವೇರ್ 84 ಜನರಲ್ಲಿ 70 ಜನರ ಸ್ಕ್ಯಾನನ್ನು ಅವರ ಫೋಟೊಗೆ ಸರಿಯಾಗಿ ಹೊಂದಿಸಿತು. ಪೈಡಿಫೇಸ್ ತರದ ಸಾಫ್ಟ್‌ವೇರ್ ಮುಖದ ಭಾಗ ಅಳಿಸುತ್ತದೆ. ಆದರೂ ಒಂದೊಂದು ಸ್ಕ್ಯಾನನ್ನೂ ಕಣ್ಣಿಂದ ನೋಡಿ. ಮಿದುಳಿನಲ್ಲಿ ದೊಡ್ಡ ಹಾನಿ ಇದ್ದಾಗ ಇಂಥ ಸಾಫ್ಟ್‌ವೇರ್ ಎಡವಬಹುದು.

ವಿಡಿಯೊದಲ್ಲಿ ಮುಖ ಮಸುಕು ಮಾಡಿದರೆ ತುಟಿಯ ಚಲನೆ, ಮುಖಭಾವ ಹೋಗುತ್ತದೆ. ದನಿ ಬದಲಿಸಿದರೆ ಉಚ್ಚಾರಣೆ ಹೋಗುತ್ತದೆ. ಇವುಗಳನ್ನು ಗುರುತಿಲ್ಲದಂತೆ ಮಾಡಲು ಆಗುವುದಿಲ್ಲ ಎಂದು ಒಪ್ಪಿಕೊಂಡು, ಬಾಗಿಲನ್ನು ಬಿಗಿ ಮಾಡುವುದೇ ದಾರಿ.

ಹೆಜ್ಜೆ 7: ಫೈಲುಗಳು

ಯಾವ ಕಂಪನಿಯ ಸಾಫ್ಟ್‌ವೇರ್ ಇಲ್ಲದೆಯೂ ತೆರೆಯುವ ರೂಪ ಆರಿಸಿ. ಕೋಷ್ಟಕಕ್ಕೆ ಸಿಎಸ್‌ವಿ, ಬರಹಕ್ಕೆ ಯೂನಿಕೋಡ್, ದನಿಗೆ ವೇವ್, ಸ್ಕ್ಯಾನ್‌ಗೆ ಬಿಡ್ಸ್ ಎಂಬ, ಮಿದುಳಿನ ಡೇಟಾ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ದನಿಯನ್ನು ಎಂಪಿ3 ಮಾಡಿ ಮೂಲ ಅಳಿಸಬೇಡಿ. ಪ್ರತಿ ಫೈಲ್‌ಗೆ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಒಂದು ಸಂಕೇತ) ಮಾಡಿಡಿ, ಅದರಿಂದ ಫೈಲ್ ಕೆಟ್ಟರೆ ಗೊತ್ತಾಗುತ್ತದೆ. ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ಪ್ರತಿ ಬಿಡುಗಡೆಗೂ ಡಿಒಐ ಎಂಬ ಕಾಯಂ ಗುರುತಿನ ಸಂಖ್ಯೆ ಪಡೆಯಿರಿ. ಬಿಡುಗಡೆಯಾದ ಆವೃತ್ತಿಯನ್ನು ಸದ್ದಿಲ್ಲದೆ ತಿದ್ದಬೇಡಿ. ತಪ್ಪು ಸಿಕ್ಕರೆ ಏನು ಬದಲಾಯಿತು ಎಂದು ಬರೆದು ಹೊಸ ಆವೃತ್ತಿ ತನ್ನಿ.

ಹೆಜ್ಜೆ 8: ಯಾರಿಗೆ, ಹೇಗೆ ಕೊಡಬೇಕು

2016ರಲ್ಲಿ ಪ್ರಕಟವಾದ ಫೇರ್ ತತ್ವಗಳು ಡೇಟಾ ಹುಡುಕಿದರೆ ಸಿಗಬೇಕು, ಪಡೆಯಲು ಆಗಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮರುಬಳಕೆ ಆಗಬೇಕು ಎನ್ನುತ್ತವೆ. ಎಲ್ಲರಿಗೂ ತೆರೆದಿಡಿ ಎಂದು ಅವು ಹೇಳುವುದಿಲ್ಲ. ಪಡೆಯುವ ದಾರಿ ಸ್ಪಷ್ಟವಾಗಿರಬೇಕು, ಅಷ್ಟೇ. ಅಫೇಸಿಯಾಬ್ಯಾಂಕ್ ಕೂಡ ಪಾಸ್‌ವರ್ಡ್ ಹಿಂದೆಯೇ ಇದೆ. ಭಂಡಾರದಲ್ಲಿ ಏನೇನಿದೆ ಎಂಬ ಪಟ್ಟಿ ಎಲ್ಲರಿಗೂ ಕಾಣಲಿ. ಗುರುತು ಮುಚ್ಚಿದ ಅಂಕಗಳು ನೋಂದಾಯಿಸಿದವರಿಗೆ ಸಿಗಲಿ. ದನಿ ಮತ್ತು ವಿಡಿಯೊ ಮಾತ್ರ ಸಹಿ ಮಾಡಿದ ಒಪ್ಪಂದದ ಮೇಲೆ ಸಿಗಲಿ.

ಆ ಒಪ್ಪಂದದಲ್ಲಿ ಗುರುತು ಪತ್ತೆಗೆ ಪ್ರಯತ್ನಿಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಅಳಿಸಲು ಹೇಳಿದರೆ ಅಳಿಸುತ್ತೇವೆ, ತಪ್ಪು ಕಂಡರೆ ತಿಳಿಸುತ್ತೇವೆ, ಡೇಟಾ ಕೊಟ್ಟವರನ್ನು ಉಲ್ಲೇಖಿಸುತ್ತೇವೆ ಎಂಬ ಮಾತುಗಳಿರಲಿ. ಅರ್ಜಿ ನೋಡುವ ಸಮಿತಿಯಲ್ಲಿ ಅಫೇಸಿಯಾ ಇರುವವರೂ ಇರಲಿ. ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಎಂದು ಮೊದಲೇ ತಿಳಿಸಿ. ಕಂಪ್ಯೂಟರ್ ಮಾದರಿ ಕಟ್ಟುವವರಿಗೆ ಒಂದು ಸೂಚನೆ ಖಂಡಿತ ಬೇಕು. ಒಬ್ಬರ ಒಂದು ದಾಖಲೆ ತರಬೇತಿಗೂ ಇನ್ನೊಂದು ಪರೀಕ್ಷೆಗೂ ಹೋದರೆ ಮಾದರಿ ಅಫೇಸಿಯಾವನ್ನು ಕಲಿಯುವುದಿಲ್ಲ, ಆ ದನಿಯನ್ನು ಗುರುತು ಹಿಡಿಯುತ್ತದೆ. ಆದ್ದರಿಂದ ವಿಂಗಡಣೆ ವ್ಯಕ್ತಿಯ ಪ್ರಕಾರ ಆಗಬೇಕು.

ಡೇಟಾ ಗಡಿ ದಾಟುವಾಗ ಕಾನೂನು ನೋಡಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾನೂನು ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಕೊಡುತ್ತದೆ.

ಹೆಜ್ಜೆ 9: ಹಣ ಮುಗಿದ ಮೇಲೂ ಉಳಿಯಬೇಕು

ಅನುದಾನಕ್ಕೆ ಕೊನೆಯ ದಿನ ಇರುತ್ತದೆ. ಭಂಡಾರಕ್ಕೆ ಹಾಗಿರಬಾರದು. ಡೇಟಾ ಭಂಡಾರಗಳಿಗಾಗಿ ಮಾಡಿದ 2020ರ ಟ್ರಸ್ಟ್ ತತ್ವಗಳು ಪಾರದರ್ಶಕತೆ, ಜವಾಬ್ದಾರಿ, ಬಳಸುವವರ ಕಡೆ ಗಮನ, ಬಾಳಿಕೆ, ತಂತ್ರಜ್ಞಾನ ಎಂಬ ಐದನ್ನು ಕೇಳುತ್ತವೆ. ನಂಬಬಹುದಾದ ಭಂಡಾರಗಳಿಗೆ ಕೊಡುವ ಕೋರ್‌ಟ್ರಸ್ಟ್‌ಸೀಲ್ ಎಂಬ ಪ್ರಮಾಣಪತ್ರಕ್ಕೆ 16 ಅಗತ್ಯಗಳಿವೆ. ಅರ್ಜಿ ಹಾಕುವ ಯೋಚನೆ ಇಲ್ಲದಿದ್ದರೂ ಆ ಪಟ್ಟಿಯ ಎದುರು ನಿಮ್ಮ ಉತ್ತರ ಬರೆಯಿರಿ. ಎಲ್ಲಿ ಉತ್ತರ ಬರುವುದಿಲ್ಲವೋ ಅಲ್ಲಿ ಕೆಲಸ ಬಾಕಿ ಇದೆ. ಮುಖ್ಯವಾಗಿ, ನೀವು ನಿಲ್ಲಿಸಿದರೆ ಡೇಟಾವನ್ನು ಯಾವ ವಿಶ್ವವಿದ್ಯಾಲಯ ಅಥವಾ ಗ್ರಂಥಾಲಯ ವಹಿಸಿಕೊಳ್ಳುತ್ತದೆ ಎಂದು ಮೊದಲ ವರ್ಷವೇ ಬರಹದಲ್ಲಿ ಪಡೆದುಕೊಳ್ಳಿ.

ಬಿಡುಗಡೆಗೆ ಮುಂಚೆ

ಐದಾರು ಜನರ ಡೇಟಾ ಸಿದ್ಧವಾದ ಕೂಡಲೇ, ನಿಮ್ಮ ತಂಡದಲ್ಲಿ ಇಲ್ಲದ ಒಬ್ಬ ಸಂಶೋಧಕರಿಗೆ ಒಪ್ಪಂದದ ಮೇಲೆ ಕೊಡಿ. ಪ್ರತಿ ಕಾಲಂ, ಪ್ರತಿ ಸಂಕೇತದ ಅರ್ಥ ಬರೆದಿಟ್ಟ ಕೋಡ್‌ಬುಕ್ ಬಿಟ್ಟು ಬೇರೇನೂ ಹೇಳಬೇಡಿ. ಅಂಕಗಳ ಒಂದು ಕೋಷ್ಟಕ ಮಾಡಲಿ, ಒಂದು ದಾಖಲೆಯ ದನಿಯನ್ನು ಬರಹದ ಜೊತೆ ಹೋಲಿಸಲಿ. ಅದೇ ವಾರ ಬ್ಯಾಕಪ್‌ನಿಂದ ಇಡೀ ಸಂಗ್ರಹವನ್ನು ಹೊಸ ಯಂತ್ರದಲ್ಲಿ ಮರಳಿ ತೆರೆದು ನೋಡಿ. ಆ ಸಂಶೋಧಕರು ಕೇಳುವ ಪ್ರತಿ ಪ್ರಶ್ನೆಯೂ ಕೋಡ್‌ಬುಕ್‌ನಲ್ಲಿ ಬಿಟ್ಟುಹೋದ ಒಂದು ಸಾಲು. ಆ ಸಾಲುಗಳನ್ನು ಬರೆದು ಸೇರಿಸಿ, ಆಮೇಲೆ ಮೊದಲ ಆವೃತ್ತಿ ಬಿಡುಗಡೆ ಮಾಡಿ.